ಸ್ವರವಿಲ್ಲದ ಮೂರಕ್ಷರ

ಮಿರಾಫ್ಲೋರೆಸ್, ಲಾ ಪಾಸ್
ಮಂಗಳವಾರ, ೧೪ ಮಾರ್ಚ್ ೨೦೨೩

ಪ್ರೀತಿಯ ಅಮ್ಮಾ,

ಈ ಕಾಗದವನ್ನು ಮನಸ್ಸಿನಲ್ಲೇ ಹಲವು ಸಲ ಬರೆದೆ. ಪ್ರತಿ ಸಲವೂ ಒಂದು ಮಾತನ್ನು ಬಿಟ್ಟು ಬರೆದೆ. ಬಿಟ್ಟರೆ ಕಾಗದ ಚೆನ್ನಾಗಿಯೇ ಇರುತ್ತಿತ್ತು, ಓದಿ ನಿನಗೆ ಹೆಮ್ಮೆಯೂ ಆಗುತ್ತಿತ್ತು. ಅದಕ್ಕೇ ಭಯವಾಗಿ ಅದನ್ನು ಮೊದಲು ಬರೆದುಬಿಡುತ್ತಿದ್ದೇನೆ. ಕಳೆದ ಶನಿವಾರ ಹಳೆ ನೋಟು ಸಂಗ್ರಹಿಸುವವರ ನಮ್ಮ ಸಂಘದ ಸಭೆಯಲ್ಲಿ, ಹತ್ತು ಜನರೆದುರಿಗೆ, ನಾನು ನಿನ್ನನ್ನು ನಮ್ಮ ಮನೆಯಲ್ಲಿ ಕೆಲಸಕ್ಕಿದ್ದವಳು ಎಂದೆ. ನಿನ್ನ ಹೆಸರು ಹೇಳಲಿಲ್ಲ. ನಿನ್ನ ಮರ್ಯಾದೆ ಉಳಿಸಲು ಹಾಗೆ ಮಾಡಿದೆನೆಂದು ತಿಳಿಯಬೇಡ. ಹೆಸರು ಕೇಳುವಷ್ಟು ದೊಡ್ಡ ವಿಷಯ ಅದೆಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ, ಅಷ್ಟೆ. ಆ ಮಾತು ಹೇಗೆ ಬಂತು ಎಂಬುದನ್ನು ಮುಂದೆ ಬರೆಯುತ್ತೇನೆ. ಮೊದಲು ನಿನ್ನ ವಿಷಯ.

ಉಸಿರು ಹೇಗಿದೆ? ಈ ಎತ್ತರ ನಿನಗಿನ್ನು ಆಗುವುದಿಲ್ಲ, ಕೆಳಗಿನ ಬಿಸಿ ಸೀಮೆಗೆ ಹೋಗಿ ಎಂದು ಡಾಕ್ಟರು ಹೇಳಿದಾಗ ನೀನು ಅವರ ಮುಖ ನೋಡಿದ ರೀತಿ ನನಗಿನ್ನೂ ನೆನಪಿದೆ. 'ಇಷ್ಟ್ ವರ್ಷ ಇದೇ ಗಾಳೀಲಿ ಕೂಗಿ ಕೂಗಿ ಡಾಲರ್ ಮಾರಿದೀನಿ, ಈಗ ಗಾಳಿಗೆ ನಾನು ಬೇಡ್ವಾದ್ನಾ' ಎಂದಿದ್ದೆ. ಮಂಡಿ ನೋವಿಗೆ ಚಿಕ್ಕಮ್ಮ ಕೋಕಾ ಎಲೆಯ ಪಟ್ಟು ಹಾಕುತ್ತಿದ್ದಾಳೆಯೇ, ಅಥವಾ ಗಿಣಿಯ ಜೊತೆ ಜಗಳವಾಡುವುದರಲ್ಲೇ ಅವಳ ಹೊತ್ತು ಹೋಗುತ್ತಿದೆಯೇ? ಅಲ್ಲಿ ಕೊರಿಪಾತಾದಲ್ಲಿ ಸೊಳ್ಳೆ ಹೆಚ್ಚಂತೆ, ಸಂಜೆಯಾದ ಮೇಲೆ ಕಾಲುಚೀಲ ಹಾಕಿಕೋ. ಫೋನಿನಲ್ಲಿ ಇದನ್ನೆಲ್ಲ ಕೇಳಬಹುದಿತ್ತು. ಆದರೆ ಚಿಕ್ಕಮ್ಮ ಫೋನನ್ನು ಮೇಜಿನ ಮೇಲಿಟ್ಟು ಊರಿಗೆಲ್ಲ ಕೇಳುವಂತೆ ಮಾಡುತ್ತಾಳೆ, ನಾನು ಏನು ಕೇಳಿದರೂ ನೀನು 'ವಾಲಿಕಿ' ಎನ್ನುತ್ತೀಯ. ಉಸಿರು? ವಾಲಿಕಿ. ಮಂಡಿ? ವಾಲಿಕಿ. ಎಲ್ಲ ಚೆನ್ನಾಗಿದೆ, ಎಲ್ಲ ಸರಿಯಾಗಿದೆ. ಆ ಒಂದು ಐಮಾರಾ ಮಾತಿನಿಂದ ನೀನು ಬಾಗಿಲು ಮುಚ್ಚುತ್ತೀಯ ಎಂದು ನನಗೆ ಮೊದಲು ಸಿಟ್ಟು ಬರುತ್ತಿತ್ತು. ಈ ಕಾಗದವನ್ನು ನೀನೇ ಓದು. ನಿಧಾನವಾದರೂ ಚಿಂತೆಯಿಲ್ಲ. ಚಿಕ್ಕಮ್ಮ ಓದಿ ಹೇಳುತ್ತೇನೆಂದು ಬಂದರೆ ಕಿತ್ತಳೆ ಕಿತ್ತು ತರಲು ತೋಟಕ್ಕೆ ಕಳಿಸು.

ಇಲ್ಲಿ ಮಳೆ ಮುಗಿಯುತ್ತ ಬಂದಿದೆ. ನಿನ್ನ ಕಿಟಕಿಯ ಹೂಗಿಡಗಳು ಬದುಕಿವೆ. ಶಾಲೆಯಲ್ಲಿ ಈ ವರ್ಷವೂ ನನಗೆ ಸಣ್ಣ ಮಕ್ಕಳ ಇಂಗ್ಲಿಷ್ ತರಗತಿಯನ್ನೇ ಕೊಟ್ಟಿದ್ದಾರೆ. ಉಳಿದ ಹೊತ್ತೆಲ್ಲ ಹಳೆ ನೋಟುಗಳದ್ದೇ. ಅದನ್ನು ನೀನು ಯಾವತ್ತೂ ಒಂದು ಕೆಲಸವೆಂದು ಒಪ್ಪಲಿಲ್ಲ. 'ನಾವು ಕೈ ಬಿಟ್ಟಿದ್ದನ್ನ ನೀನು ಕೈಲಿ ಹಿಡ್ಕೊಂಡು ಕೂತಿದೀಯಲ್ಲೇ' ಎಂದು ನಗುತ್ತಿದ್ದೆ. ನಿಜವೇ. ಎಲ್ ಆಲ್ತೊದ ಸಂತೆಯಲ್ಲಿ, ಭೂತಾಯಿಗೆ ಸುಡುವ ನೈವೇದ್ಯದಲ್ಲಿಡಲು ಹಳೆ ಪೇಸೊ ನೋಟುಗಳನ್ನು ರಾಶಿ ಹಾಕಿ ಮಾರುತ್ತಾರಲ್ಲ, ಹೋದ ತಿಂಗಳು ಆ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಭೂತಗನ್ನಡಿ ಹಿಡಿದು ಒಂದೊಂದಾಗಿ ಆರಿಸುತ್ತಿದ್ದೆ. ಮಾರುವವಳು ಬಹಳ ಹೊತ್ತು ನೋಡಿ, 'ಸುಡಕ್ಕೆ ಯಾವ್ದಾದ್ರೇನು ಮೇಡಂ, ಭೂತಾಯಿ ಏನು ಸಹಿ ನೋಡ್ತಾಳಾ?' ಎಂದಳು. ನಾನು ಸಹಿ ನೋಡುತ್ತೇನೆ. ಯಾವ ಅಕ್ಷರದ ಸರಣಿ, ಯಾರು ಆಗ ಬ್ಯಾಂಕಿನ ಅಧ್ಯಕ್ಷರು, ಹಣದ ಹೆಸರು ಬದಲಾದಾಗ ಹಳೆ ನೋಟಿನ ಮೇಲೆ ಒತ್ತಿದ ಹೊಸ ಬೆಲೆಯ ಅಚ್ಚು ನೆಟ್ಟಗಿದೆಯೇ ವಾರೆಯೇ, ಆ ಅಚ್ಚಿನ ಶಾಯಿ ಕಾಗದದೊಳಗೆ ಇಳಿದಿದೆಯೇ ಅಥವಾ ಈಚೆಗೆ ಯಾರೋ ಮೋಸಕ್ಕೆ ಒತ್ತಿದ್ದೇ ಎಂದೆಲ್ಲ ನೋಡುತ್ತೇನೆ. ಒಂದು ನೋಟು ಯಾರ ಕೈಯಿಂದ ಬಂತು ಎಂದು ಹೇಳಬಲ್ಲೆ ಎಂಬ ಜಂಬ ನನಗಿದೆ. ಇತ್ತು.

ಬೆಲೆಗಳು ಹುಚ್ಚು ಹಿಡಿದು ಏರಿದ ಆ ವರ್ಷಗಳ ನೋಟುಗಳನ್ನು ಗುರುತು ಹಿಡಿಯಲು ಸಂಘದವರು ಒಂದು ಕೈಪಿಡಿ ತರುತ್ತಿದ್ದಾರೆ. ಈಸ್ಟರ್ ಹಬ್ಬದ ಮಾರನೆಯ ವಾರ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಒಂದು ಅಧ್ಯಾಯ ನನ್ನದು. ನೋಟಿನ ಕಟ್ಟುಗಳಿಗೆ ಸುತ್ತಿದ ಕಾಗದದ ಪಟ್ಟಿಗಳು, ಅವುಗಳ ಮೇಲಿನ ಮುದ್ರೆ, ಸಹಿ, ಗುರುತುಗಳ ಬಗ್ಗೆ ಬರೆಯಬೇಕು. ನಿನಗೆ ಇದನ್ನು ಹೇಳಬೇಕಾಗಿಲ್ಲ. ಒಂದು ಬ್ರೆಡ್ಡಿಗೆ ಒಂದು ಕಟ್ಟು ಕೊಡುವ ಕಾಲದಲ್ಲಿ ನೋಟುಗಳನ್ನು ಬಿಡಿಸಿ ಎಣಿಸುವ ಪುರುಸೊತ್ತು ಯಾರಿಗಿತ್ತು? ಕಟ್ಟಿನ ಪಟ್ಟಿಯ ಮೇಲೆ ಯಾರ ಗುರುತಿದೆ ಎಂದು ನೋಡುತ್ತಿದ್ದರು. ನಂಬಿದರೆ ಕಟ್ಟು ಹಾಗೇ ಕೈ ದಾಟುತ್ತಿತ್ತು. ಈಗ ಬಿಚ್ಚದ ಅಂಥ ಒಂದು ಕಟ್ಟು ಸಿಕ್ಕರೆ ಸಂಗ್ರಾಹಕರಿಗೆ ಹಬ್ಬ. ಒಳಗಿನ ನೋಟುಗಳಿಗಿಂತ ಹೊರಗಿನ ಪಟ್ಟಿಗೇ ಬೆಲೆ ಜಾಸ್ತಿ.

ಶನಿವಾರದ ಸಭೆಗೆ ದೋನ್ ಗಾಸ್ತೊನ್ ಅಂಥ ಒಂದು ಕಟ್ಟು ತಂದಿದ್ದರು. ಅವರು ನಮ್ಮ ಸಂಘದ ಅಧ್ಯಕ್ಷರು, ಗಣಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನನಗೆ ಮೊದಲ ಭೂತಗನ್ನಡಿ ಕೊಟ್ಟದ್ದು ಅವರೇ. ಕೆಟ್ಟವರಲ್ಲ ಅಮ್ಮಾ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ನನಗೆ ಕಷ್ಟವಾಗಿರುವುದು. ಒರೂರೊದಲ್ಲಿ ತೀರಿಕೊಂಡ ಒಬ್ಬ ವ್ಯಾಪಾರಿಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಬಟ್ಟೆಯಲ್ಲಿ ಸುತ್ತಿ, ಮಗು ಎತ್ತಿಕೊಂಡು ಬಂದ ಹಾಗೆ ಎತ್ತಿಕೊಂಡು ಬಂದಿದ್ದರು. ಐವತ್ತು ಸಾವಿರದ ಹಸಿರು ನೋಟುಗಳು, ಹಿಂಬದಿಯಲ್ಲಿ ಪೆಟ್ರೋಲ್ ಶುದ್ಧೀಕರಿಸುವ ಕಾರ್ಖಾನೆಯ ಚಿತ್ರ ಇರುವವು. ಪಟ್ಟಿ ಒಂದು ಕಡೆಯೂ ಹರಿದಿರಲಿಲ್ಲ. ಅದರ ಮೇಲೆ ನೇರಳೆ ಬಣ್ಣದಲ್ಲಿ ಮೂರಕ್ಷರ: ಡಬ್ಲ್ಯೂ, ಎಲ್, ಕೆ. ಎಲ್ಲರೂ ಎದ್ದು ಮೇಜಿನ ಸುತ್ತ ಬಗ್ಗಿದರು. ನಾನೂ ಬಗ್ಗಿದೆ.

ನನಗೆ ಮೊದಲು ಕಂಡದ್ದು ನಿನ್ನ ನಾಲಿಗೆ. ನಾನು ಶಾಲೆಯಿಂದ ಬಂದು, ಕಮಾಚೊ ರಸ್ತೆಯಲ್ಲಿ ನೀನು ಡಾಲರ್ ಬದಲಾಯಿಸಿ ಕೊಡುತ್ತಿದ್ದ ಕಡೆ, ನಿನ್ನ ಸ್ಟೂಲಿನ ಪಕ್ಕದಲ್ಲಿ ಕೂತಿರುತ್ತಿದ್ದೆ. ನೀನು ಒದ್ದೆಯಾದರೆ ನೇರಳೆಯಾಗುವ ಆ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ ಬರೆಯುತ್ತಿದ್ದೆ, ಸಂಜೆಯ ಹೊತ್ತಿಗೆ ನಾಲಿಗೆಯೆಲ್ಲ ನೇರಳೆ. ಡಬ್ಲ್ಯೂವಿನ ಕೊನೆಯ ಕಾಲನ್ನು ನೀನು ಯಾವಾಗಲೂ ಉದ್ದ ಎಳೆದು, ಮುಂದಿನ ಅಕ್ಷರಕ್ಕೆ ಕೈ ಕೊಟ್ಟ ಹಾಗೆ ಬಾಗಿಸುತ್ತಿದ್ದೆ. ಆ ಪಟ್ಟಿಯ ಮೇಲೂ ಅದು ಹಾಗೆಯೇ ಬಾಗಿತ್ತು. ನೀನು ಒಂದೊಂದಾಗಿ ಎಣಿಸಿ, ಪಟ್ಟಿ ಸುತ್ತಿ, ಮೈದಾ ಗೋಂದು ಹಚ್ಚಿ, ಮೇಲೆ ವಾಲಿಕಿ ಎಂದು ಬರೆಯುತ್ತಿದ್ದೆ. ಸರಿಯಾಗಿದೆ ಎಂದು. ಆದರೆ ಸ್ವರಗಳನ್ನು ಬಿಟ್ಟು, ವ್ಯಂಜನಗಳನ್ನು ಮಾತ್ರ. ಏಕೆ ಎಂದು ನಾನು ಕೇಳಿದ್ದೆ, ಶಾಲೆಯಲ್ಲಿ ಆಗತಾನೇ ಸ್ವರಾಕ್ಷರ ಕಲಿತ ಜಾಣತನದಲ್ಲಿ. ನೀನು ಕಣ್ಣು ಮಿಟುಕಿಸಿ ಹೇಳಿದ್ದೆ: 'ನಗೋದೆಲ್ಲ ಆ ಅಕ್ಷರಕ್ಕೇ ತಾನೇ ಹುಡುಗೀ? ಹಾಕಿದ್ರೆ ತಾನೇ ತಪ್ಪು. ಹಾಕದೇ ಇದ್ರೆ ಯಾವನು ನಗ್ತಾನೆ?' ಐಮಾರಾಕ್ಕೆ ಇರುವುದು ಮೂರೇ ಸ್ವರ. ಅದರಲ್ಲಿ ಹುಟ್ಟಿದ ನಾಲಿಗೆ ಸ್ಪ್ಯಾನಿಷ್ ಆಡುವಾಗ 'ಪೇಸೊ' ಹೋಗಿ 'ಪೀಸು' ಆಗುತ್ತದೆ. ಅದಕ್ಕೆ ಮೇಷ್ಟ್ರು ನಿನ್ನ ಕೈಗೆ ಹೊಡೆದಿದ್ದರಂತೆ. ನೀನು ಅಳಲಿಲ್ಲವಂತೆ, ಶಾಲೆ ಬಿಟ್ಟೆಯಂತೆ. ದೊಡ್ಡವಳಾದ ಮೇಲೆ ಪಾದ್ರಿಗಳ ಸಂಜೆ ತರಗತಿಯಲ್ಲಿ ಅಕ್ಷರ ಕಲಿತರೂ, ಜನ ನೋಡುವ ಕಡೆ ನೀನು ಸ್ವರ ಬರೆಯಲೇ ಇಲ್ಲ.

ಇಷ್ಟೂ ನನಗೆ ಆ ಮೇಜಿನ ಮುಂದೆ ಒಂದೇ ಉಸಿರಿಗೆ ನೆನಪಾಯಿತು. ಅಷ್ಟರಲ್ಲಿ ದೋನ್ ಗಾಸ್ತೊನ್ ಕನ್ನಡಕ ಏರಿಸಿಕೊಂಡು ಓದಲು ಶುರು ಮಾಡಿದ್ದರು. ಆ ಮೂರಕ್ಷರ ವಾಲ್ಟರ್ ಎಲ್. ಕೆಸ್ಲರ್ ಎಂಬ ಜರ್ಮನನದ್ದಂತೆ. ಆ ಕಾಲದಲ್ಲಿ ಅಂಥ ಹೆಸರಿನವನೊಬ್ಬ ಯಾವುದೋ ಖಾಸಗಿ ಬ್ಯಾಂಕಿಗೆ ಸಲಹೆಗಾರನಾಗಿ ಬಂದಿದ್ದನಂತೆ. ನೇರಳೆ ಶಾಯಿ ತಪಾಸಣೆಯವರ ಶಾಯಿಯಂತೆ. ನಾಲ್ಕು ಪುಟ ಬರೆದಿದ್ದರು, ಬಹಳ ಅಚ್ಚುಕಟ್ಟಾಗಿ. ವಕೀಲರಾದ ದೋನ್ ರೆನಾತೊ ಮಧ್ಯೆ ಬಾಯಿ ಹಾಕಿದರು: 'ಅಲ್ಲಾ ಸಾರ್, ಕಮಾಚೊ ರಸ್ತೇಲಿ ಡಾಲರ್ ಡಾಲರ್ ಅಂತ ಕೂಗ್ತಿದ್ರಲ್ಲ, ಆ ನೆರಿಗೆ ಲಂಗದ ಹೆಂಗಸ್ರು, ಅವ್ರು ಯಾರಾದ್ರೂ ಗೀಚಿರಬಹುದಲ್ವಾ?' ದೋನ್ ಗಾಸ್ತೊನ್ ತಲೆಯಾಡಿಸಿದರು. 'ಸಾಧ್ಯವೇ ಇಲ್ಲ ರೆನಾತೊ. ಅವರು ಬರೆದಿದ್ರೆ ಒಂದು ತಪ್ಪಾದ್ರೂ ಇರ್ತಿತ್ತು. ಇದ್ರಲ್ಲಿ ನೋಡಿ, ಒಂದೇ ಒಂದು ತಪ್ಪಿಲ್ಲ.'

ಅಮ್ಮಾ, ಆ ಮಾತಿಗೆ ನಾನು ಒಬ್ಬಳೇ ನಗಬೇಕಿತ್ತು. ಆ ಮೂರಕ್ಷರದ ಅರ್ಥ ಹೇಳಿ ಅವರೆಲ್ಲರನ್ನೂ ನಗಿಸಬೇಕಿತ್ತು. ಅಲ್ಲಿ ಕೋಪಕ್ಕೆ ಕಾರಣವೇ ಇರಲಿಲ್ಲ. 'ದೋನ್ ಗಾಸ್ತೊನ್, ನಿಮ್ಮ ಜರ್ಮನ್ ಈಗ ಕೊರಿಪಾತಾದಲ್ಲಿ ಕಿತ್ತಳೆ ತಿಂತಾ ಕೂತಿದಾಳೆ' ಎಂದಿದ್ದರೆ ಸಾಕಿತ್ತು. ಅವರು ಮೊದಲು ಬೆಪ್ಪಾಗಿ, ಆಮೇಲೆ ಮುಂದಿನ ಬಸ್ಸಿಗೇ ನಿನ್ನನ್ನು ನೋಡಲು ಹೊರಡುತ್ತಿದ್ದರು. ನಾನು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ದೋನ್ ರೆನಾತೊ ಆ ಹೆಂಗಸರ ಮಾತನ್ನು ಅಣಕಿಸಲು ಹೋದರು. ಮೈಮೇಲೆ ಇಲ್ಲದ ಶಾಲನ್ನು ಎಳೆದುಕೊಳ್ಳುತ್ತ, 'ಬಾರು ಬಾರು, ಡಾಲರು ತಗು' ಎಂದು ಏನೋ ಒದರಿದರು. ಎಲ್ಲರೂ ನಕ್ಕರು. ಆದರೆ ಅದು ಸರಿ ಇರಲಿಲ್ಲ. ಸ್ವರಗಳು ತಪ್ಪಾಗಿದ್ದವು: ಅವರು ಎಲ್ಲ ಕಡೆ 'ಉ' ತುರುಕಿದ್ದರು, ನಿಜದಲ್ಲಿ 'ಒ' 'ಉ' ಆಗುವ ಹಾಗೆ 'ಉ' ಕೂಡ 'ಒ' ಆಗುತ್ತದೆ. ಕಮಾಚೊದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಮಕ್ಕಳ ಪಾಠ ತಿದ್ದಿ ತಿದ್ದಿ ಬಂದ ಚಾಳಿಯೋ ಏನೋ, 'ಹಾಗಲ್ಲ, ಹೀಗೆ' ಎಂದೆ. ಎಂದು ನಿನ್ನ ಧ್ವನಿಯಲ್ಲಿ, ನೀನು ತಲೆ ಒಂದು ಕಡೆ ವಾಲಿಸುವುದನ್ನೂ ಬಿಡದೆ, ಮಾತಾಡಿ ತೋರಿಸಿದೆ: 'ಬಾ ಕಸೀರು, ಉಳ್ಳಿ ನೂಟೊ ಕುಡ್ತೇನೆ, ಇಣಿಸೂದೊ ಬೀಡ.'

ಇದೊಂದು ಸಾಲನ್ನು ಬಿಟ್ಟುಬಿಡಬಹುದಿತ್ತು. ಆದರೂ ಬರೆದೆ. ಬರೆಯದಿದ್ದರೆ 'ಸ್ವಲ್ಪ ತಮಾಷೆ ಮಾಡಿದೆ' ಎಂಬಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಬಾ ಕಸೇರೊ, ಒಳ್ಳೆ ನೋಟು ಕೊಡ್ತೀನಿ, ಎಣಿಸೋದು ಬೇಡ. ಅಷ್ಟೇ ಮಾತು. ಕಸೇರೊಗೆ, ಕಾಯಂ ಗಿರಾಕಿಗೆ, ನೀನು ಕೊಡುತ್ತಿದ್ದ ಭಾಷೆ ಅದು. ಆ ಕೋಣೆಯಲ್ಲಿ ಅದಕ್ಕೆ ಬಿದ್ದ ನಗುವನ್ನು ನೀನು ಕೇಳಿಸಿಕೊಳ್ಳಲಿಲ್ಲ, ಸದ್ಯ. ದೋನ್ ರೆನಾತೊ ಮೇಜು ತಟ್ಟಿದರು. ದೋನ್ ಗಾಸ್ತೊನ್ ಕಣ್ಣೊರೆಸಿಕೊಳ್ಳುತ್ತ, 'ಎಲ್ಲಿ ಕಲಿತ್ರಿ ಮಿರಿಯಮ್ ಇದನ್ನ? ಸಾಕ್ಷಾತ್ ಅವರೇ ಬಂದ ಹಾಗಾಯ್ತಲ್ಲ' ಎಂದು ಕೇಳಿದರು. ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಮೆಚ್ಚಿಕೊಂಡು ಕೇಳಿದರು. ಆಗಲೂ ಬಾಗಿಲು ತೆರೆದೇ ಇತ್ತು. ನಾನು, 'ನಮ್ಮನೇಲಿ ಒಬ್ಬಳು ಕೆಲಸಕ್ಕಿದ್ದಳು, ಅವಳಿಂದ' ಎಂದೆ. ಆಮೇಲೆ ಅವರು ಪಟ್ಟಿಯ ಕಡೆ ಬೆರಳು ತೋರಿಸಿ, 'ನೀವೇನಂತೀರಿ, ಕೆಸ್ಲರ್ ತಾನೇ?' ಎಂದರು. 'ಇರಬಹುದು' ಎಂದೆ. 'ಹಾಗಾದ್ರೆ ನಿಮ್ಮ ಅಧ್ಯಾಯಕ್ಕೆ ಸೇರಿಸ್ಕೊಳ್ಳಿ' ಎಂದು ಆ ನಾಲ್ಕು ಪುಟಗಳನ್ನು ನನ್ನ ಕೈಗಿತ್ತರು. ಅವು ಈಗ ಈ ಮೇಜಿನ ಮೇಲಿವೆ. ನಾನು ಸುಮ್ಮನಿದ್ದರೆ ನಿನ್ನ ಗುರುತು ಕೆಸ್ಲರನ ಹೆಸರಿನಲ್ಲಿ ಅಚ್ಚಾಗುತ್ತದೆ, ಆಮೇಲೆ ಎಲ್ಲ ಕೈಪಿಡಿಗಳೂ ಇದನ್ನೇ ನೋಡಿ ಬರೆದುಕೊಳ್ಳುತ್ತವೆ.

ಮೂರು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ, ಏಕೆ ಹಾಗೆ ಮಾಡಿದೆ? ಅವರಿಗೆ ಹೆದರಿಯೇ? ಅಲ್ಲ. ನನ್ನ ಮುಖ ನೋಡಿದರೆ ನಾನು ಎಂಥವರ ಮಗಳೆಂದು ಈ ಊರಿನಲ್ಲಿ ಯಾರಿಗಾದರೂ ತಿಳಿಯುತ್ತದೆ. ಅವರಿಗೂ ತಿಳಿದಿರಬಹುದು, ತಿಳಿದೂ ಸೌಜನ್ಯಕ್ಕೆ ಸುಮ್ಮನಿರಬಹುದು. ನಿನ್ನ ಬಗ್ಗೆ ನಾಚಿಕೆಯೇ? ಅದೂ ಪೂರ್ತಿ ಉತ್ತರವಲ್ಲ. ನಿಜ ಹೇಳಿದರೆ ನನಗೆ ಅದರಲ್ಲಿ ಸುಖ ಸಿಕ್ಕಿತು. ಆ ಮಾತು ಎಷ್ಟು ಸಲೀಸಾಗಿ ಬಂತು ಗೊತ್ತೇ? ನನ್ನ ಇಂಗ್ಲಿಷ್, ನನ್ನ ಅಚ್ಚುಕಟ್ಟು ಸ್ಪ್ಯಾನಿಷ್ ಯಾವುದೂ ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದಿಲ್ಲ. ನಾನು ಜ್ವರ ಬಂದು ಮಲಗಿದಾಗ ಕೇಳಿದ ಧ್ವನಿ ಅದು. ಅದು ನನ್ನೊಳಗೆ ಇಷ್ಟು ಗಟ್ಟಿಯಾಗಿ ಕೂತಿದೆ ಎಂದು ನನಗೇ ತಿಳಿದಿರಲಿಲ್ಲ. ಅದನ್ನು ಮೊದಲ ಸಲ ಹೊರಗೆ ತೆಗೆದದ್ದು ಪರರನ್ನು ನಗಿಸಲು. ಇನ್ನೊಂದು ವಿಷಯವೂ ನಾಚಿಕೆ ತರುತ್ತದೆ. ರೆನಾತೊ ನಿನ್ನಂಥವರನ್ನು ಅಣಕಿಸಿದ್ದಕ್ಕೆ ನನಗೆ ನೋವಾಗಲಿಲ್ಲ, ತಪ್ಪಾಗಿ ಅಣಕಿಸಿದ್ದಕ್ಕೆ ಕಿರಿಕಿರಿಯಾಯಿತು. ನೀನು ಬಿಸಿಲಲ್ಲಿ ಕೂತು ಕಳಿಸಿದ ಶಾಲೆಯಿಂದ ನಾನು ಕಲಿತು ಬಂದದ್ದು ಇದೇ ಏನು?

ನಿನ್ನೆ ಊಟದ ಬಿಡುವಿನಲ್ಲಿ ಕಮಾಚೊ ರಸ್ತೆಗೆ ಹೋದೆ. ನಿನ್ನ ಜೊತೆಗಾತಿ ದೋನ್ಯಾ ಬಸಿಲಿಯಾ ಇನ್ನೂ ಅದೇ ಕಂಬದ ಬುಡದಲ್ಲಿ, ಅದೇ ದುಂಡು ಟೊಪ್ಪಿ ಹಾಕಿಕೊಂಡು ಕೂತಿದ್ದಾಳೆ. ಅವಳ ಪಕ್ಕದಲ್ಲಿ ನಿನ್ನ ಜಾಗದಲ್ಲಿ ಈಗ ಒಬ್ಬಳು ಫೋನಿನ ಗಾಜು ಅಂಟಿಸುತ್ತಾಳೆ. ನನ್ನನ್ನು ಕಂಡೊಡನೆ ಬಸಿಲಿಯಾ, 'ಏನ್ರೀ ಟೀಚರಮ್ಮ, ನಿಮ್ಮಮ್ಮ ಹಣ್ಣು ತಿಂದು ತಿಂದು ಬಾಗಿಲಲ್ಲಿ ಹಿಡೀದಂಗೆ ಆಗಿದಾಳಂತೆ?' ಎಂದಳು. ಅವಳ ಮಾತನ್ನು ಅವಳ ಸ್ವರಗಳಲ್ಲೇ ಬರೆಯುವ ಹಕ್ಕು ನನಗಿಲ್ಲ ಎನ್ನಿಸಿ ಹೀಗೆ ಸಾಪು ಮಾಡಿ ಬರೆಯುತ್ತಿದ್ದೇನೆ. ಸಾಪು ಮಾಡುವುದೂ ತಪ್ಪೋ ಏನೋ, ನನಗೆ ಈಗ ಯಾವುದೂ ಖಾತ್ರಿಯಿಲ್ಲ. ನಾನು ಫೋನಿನಲ್ಲಿದ್ದ ಪಟ್ಟಿಯ ಚಿತ್ರ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಟೊಪ್ಪಿ ಹಿಂದಕ್ಕೆ ತಳ್ಳಿ ಮತ್ತೆ ನೋಡಿದಳು. 'ಪ್ಲಾಸಿದಾದು' ಎಂದು ನಿನ್ನ ಹೆಸರು ಹೇಳಿದಳು. ಸಂಘದವರು ಇದನ್ನು ಜರ್ಮನ್ ಒಬ್ಬನದು ಎನ್ನುತ್ತಾರೆ ಎಂದೆ. 'ಜರ್ಮನ್ನಾ? ನಮ್ಮ ಪ್ಲಾಸಿದಾನಾ?' ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. 'ಅಯ್ಯೋ, ನಿಮ್ಮಪ್ಪನಿಗೆ ಯಾರಾದ್ರೂ ಹೇಳ್ಬೇಕಿತ್ತು. ಪಾಪ, ಗೊತ್ತಾಗದೇನೇ ಸತ್ತ.' ಪಕ್ಕದಲ್ಲಿ ಗಾಜು ಅಂಟಿಸುವವಳಿಗೂ ಕೂಗಿ ಹೇಳಿದಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ಶನಿವಾರದ ನಗುವಿಗೂ ಇದಕ್ಕೂ ಎಷ್ಟು ದೂರ ಎಂದು ಅಲ್ಲೇ ನಿಂತು ಯೋಚಿಸಿದೆ.

ಆಮೇಲೆ ಅವಳು ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದಳು, ನೀನು ಯಾವತ್ತೂ ಹೇಳಿರಲಿಲ್ಲ. 'ನಿಮ್ಮಮ್ಮನ ಗುರುತಿದ್ರೆ ಕಟ್ಟು ಬಿಚ್ತಾನೇ ಇರ್ಲಿಲ್ಲ ಕಣ್ರೀ ಯಾರೂ. ಬ್ಯಾಂಕಿನ ಸೀಲಿದ್ರೆ ಬಿಚ್ಚೋರು. ನಂಗೂ ಆಸೆ ಆಯ್ತು. ಒಂದಿನ ಮೂರು ನೋಟು ಕಮ್ಮಿ ಇದ್ದ ಕಟ್ಟಿನ ಮೇಲೆ ನಾನೇ ಬರ್ದೆ, ಹಂಗೇ, ನೇರಳೇಲಿ. ತಗೊಂಡೋನು ನಿಮ್ಮಮ್ಮನ ಹತ್ರ ಹೋಗಿ ಜಗಳ ತೆಗ್ದ.' ನಾನು, ಅಮ್ಮ ಏನು ಮಾಡಿದಳು ಎಂದು ಕೇಳಿದೆ. 'ಏನ್ಮಾಡ್ತಾಳೆ? ಮೂರು ನೋಟು ಅವ್ನ ಕೈಗಿಟ್ಲು. ನನ್ನ ಹೆಸ್ರು ಹೇಳ್ಲಿಲ್ಲ. ಸಾಯಂಕಾಲ ಬಂದು ಪಕ್ಕದಲ್ಲಿ ಕೂತು, ಬರಿಯೋದಾದ್ರೆ ಎಣಿಸಿ ಬರಿ ಬಸೀ, ಅದು ನನ್ ಹೆಸ್ರಲ್ಲ, ಮಾತು ಅಂದ್ಲು. ಅಷ್ಟೇ.' ನೀನು ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವಂತೆ.

ಈ ವಿಷಯ ಕೈಪಿಡಿಯಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ ಅವಳು ಗಂಭೀರಳಾದಳು. 'ಕಳ್ಳಿ ಅಂತ ನನ್ ಹೆಸ್ರು ಬೇಕಾದ್ರೆ ಹಾಕಿ, ಮೊಮ್ಮಕ್ಕಳಿಗೆ ತೋರಿಸ್ತೀನಿ. ನಿಮ್ಮಮ್ಮನ್ದು ಮಾತ್ರ ಕೇಳ್ದೆ ಹಾಕ್ಬೇಡಿ. ಆಗ ಡಾಲರ್ ಮಾರೋದು ತಪ್ಪು ಅಂತ ಪೊಲೀಸ್ನೋರು ಬಂದು ಬೂಟಲ್ಲಿ ಒದ್ರೂ ನಾವ್ ಒಬ್ರಿನ್ನೊಬ್ರ ಹೆಸ್ರು ಹೇಳ್ತಿರ್ಲಿಲ್ಲ.' ನಾನು ನೇರವಾಗಿ ದೋನ್ ಗಾಸ್ತೊನ್ ಅವರ ಮನೆಗೆ ಹೋಗಿ ನಿನ್ನ ಹೆಸರು ಕೊಟ್ಟುಬಿಡಬೇಕು ಎಂದುಕೊಂಡೇ ಹೊರಟಿದ್ದೆ. ಅಲ್ಲೇ ನಿಂತೆ. ಮೊದಲು ನಿನ್ನನ್ನು ಅಡಗಿಸಿದ್ದು ನನ್ನ ಅನುಕೂಲಕ್ಕೆ. ಈಗ ನಿನ್ನನ್ನು ಎತ್ತಿ ತೋರಿಸುವುದೂ ನನ್ನ ಮನಸ್ಸು ಹಗುರವಾಗಲಿ ಎಂದೇ ಆದರೆ, ಎರಡರಲ್ಲೂ ನಿನ್ನನ್ನು ಯಾರು ಕೇಳಿದಂತಾಯಿತು?

ಕ್ಷಮಿಸು ಎಂದು ನಾನು ಬರೆಯುವುದಿಲ್ಲ. ಬರೆದರೆ ನೀನು ಆ ಸಾಲಿಗೆ ಬಂದೊಡನೆ ವಾಲಿಕಿ ಎಂದು ಕಾಗದ ಮಡಚಿಡುತ್ತೀಯ. ನೀನು ಆ ಮಾತನ್ನು ಎಣಿಸದೆ ಯಾರಿಗೂ ಕೊಟ್ಟವಳಲ್ಲ, ನನಗೂ ಕೊಡಬೇಡ. ಸಿಟ್ಟು ಬಂದರೆ ಸಿಟ್ಟು ಮಾಡು. ಅದಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ ತಗೋ. 'ನಗ್ಲಿ ಬಿಡು, ನಗೋನು ಚೌಕಾಸಿ ಮರೀತಾನೆ' ಎಂದು ನೀನು ಗಿರಾಕಿಗಳ ಬಗ್ಗೆ ಹೇಳುತ್ತಿದ್ದೆಯಲ್ಲ, ಅದನ್ನು ನನಗೆ ಹೇಳಬೇಡ. ನಾನು ಗಿರಾಕಿಯಲ್ಲ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಉಣ್ಣೆಯ ಶಾಲು, ನಿನ್ನ ಮಂಡಿಗೆ ಎಣ್ಣೆ, ಚಿಕ್ಕಮ್ಮ ಕೇಳಿದ್ದ ಗಟ್ಟಿ ಚೀಸ್ ಇದರ ಜೊತೆ ಕಳಿಸುತ್ತಿದ್ದೇನೆ. ಚೀಸನ್ನು ಗಿಣಿಗೆ ಸಿಗದ ಕಡೆ ಇಡಲಿ. ದೇವರು ನಿನ್ನ ಉಸಿರನ್ನು ಕಾಯಲಿ, ನಿನ್ನ ಕಾಲು ನಿನ್ನ ಮಾತು ಕೇಳಲಿ.

ನಿನ್ನ ಮಗಳು,
ಮಿರಿಯಮ್ ಕಾಯಿಸಾಯಾ ಯುಹ್ರಾ

ಮರೆತೆ ಎಂದು ಬರೆಯುತ್ತಿದ್ದೇನೆ, ಮರೆತಿಲ್ಲ. ಇದಕ್ಕಾಗಿಯೇ ಕಾಗದ ಬರೆದದ್ದು. ಇದರೊಳಗೆ ಇನ್ನೊಂದು ಹಾಳೆ ಮಡಚಿಟ್ಟಿದ್ದೇನೆ. ಕೆಸ್ಲರನ ನಾಲ್ಕು ಪುಟಗಳ ಬದಲು ಕೈಪಿಡಿಗೆ ಹೋಗಬೇಕಾದದ್ದು ಅದು. ಅದರಲ್ಲಿ ಪಟ್ಟಿಯ ವಿವರ, ಪೆನ್ಸಿಲಿನ ವಿವರ, ಸ್ವರ ಏಕೆ ಇಲ್ಲ ಎಂಬುದನ್ನೆಲ್ಲ ಬರೆದಿದ್ದೇನೆ. ಕೊನೆಗೆ, ಆ ಗುರುತಿನ ಅರ್ಥವನ್ನು ನೀನು ಗಿರಾಕಿಗೆ ಹೇಳುವಂತೆ ಒಂದು ಸಾಲು ಐಮಾರಾದಲ್ಲೂ ಬರೆದಿದ್ದೇನೆ. ನಾನು ಐಮಾರಾದಲ್ಲಿ ಬರೆದ ಮೊದಲ ಸಾಲು ಅದು. ಆ ಭಾಷೆಯಲ್ಲಿ ಇಲ್ಲದ ಸ್ವರಗಳನ್ನೆಲ್ಲ ಅದರಲ್ಲಿ ತುರುಕಿರಬೇಕು. ತಿದ್ದು ಅಮ್ಮಾ. ಕೆಂಪು ಪೆನ್ಸಿಲಿನಲ್ಲಿ, ಕಾಣುವ ಹಾಗೆ ತಿದ್ದು. ಬೇಕಾದರೆ ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ ಇಬ್ಬರೂ ನಗಿ. ಆ ಸಾಲಿನ ಕೆಳಗೆ, ಪಟ್ಟಿಯ ಮೇಲೆ ಗುರುತು ಬರೆದವರ ಹೆಸರಿಗೆ ಜಾಗ ಬಿಟ್ಟಿದ್ದೇನೆ. ಅದರಲ್ಲಿ ನಾನು ಏನೂ ಬರೆಯುವುದಿಲ್ಲ. ನೀನೇ ತುಂಬು, ಬೇಡವಾದರೆ ಒಂದು ಗೀಟೆಳೆ. ಗೀಟೆಳೆದರೆ ಕೈಪಿಡಿಯಲ್ಲಿ 'ಕಮಾಚೊ ರಸ್ತೆಯ ಒಬ್ಬ ಹೆಂಗಸು' ಎಂದಷ್ಟೇ ಇರುತ್ತದೆ. ನೀನು ಏನೇ ಮಾಡಿದರೂ ಏಪ್ರಿಲ್ ಸಭೆಯಲ್ಲಿ ನಾನು ಎದ್ದು ನಿಂತು, ಅವತ್ತಿನ ಧ್ವನಿ ನನ್ನ ತಾಯಿಯದು ಎಂದು ಹೇಳುತ್ತೇನೆ. ಅದಕ್ಕೆ ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ಆ ಸುಳ್ಳು ನಾನು ಹೇಳಿದ್ದು. ತಿದ್ದಿದ ಹಾಳೆ ಬರುವ ತನಕ ಅಧ್ಯಾಯ ಕೊಡುವುದಿಲ್ಲವೆಂದು ದೋನ್ ಗಾಸ್ತೊನ್ ಅವರಿಗೆ ಇವತ್ತು ಫೋನ್ ಮಾಡಿ ಹೇಳಿದ್ದೇನೆ. ಏಕೆ ಎಂದು ಕೇಳಿದರು. ತಿದ್ದುವವರು ಕೊರಿಪಾತಾದಲ್ಲಿದ್ದಾರೆ ಎಂದೆ, ಅಷ್ಟರಲ್ಲೇ ಧೈರ್ಯ ಮುಗಿಯಿತು. ಈ ಲಕೋಟೆಯನ್ನು ಇಟ್ಟುಕೊಂಡು ಕೂತರೆ ನಾನು ಮತ್ತೆ ಒಂದೊಂದೇ ಸಾಲು ಹೊಡೆದುಹಾಕುತ್ತೇನೆ. ಅದಕ್ಕೇ ಇಡುವುದಿಲ್ಲ. ವಿಯಾ ಫಾತಿಮಾದಿಂದ ಹೊರಡುವ ಬೆಳಗಿನ ಬಸ್ಸಿನವನ ಕೈಗೆ ಕೊಡುತ್ತೇನೆ, ನಾಳೆಯೇ, ಬುಧವಾರ, ೧೫ ಮಾರ್ಚ್.